ಮೂರನೆಯ ಓಲೆ

ಆ ಗುರುವಾರ ಬೆಳಗಿನ ಗಾಳಿಯಲ್ಲಿ ಇನ್ನೂ ಮಳೆಯ ತಂಪಿತ್ತು. ಫೆಬ್ರವರಿಯಲ್ಲಿ ಯಾರೂ ನೆನೆಸದ ಆಲಿಕಲ್ಲು ಮಳೆ ಎರಡು ದಿನ ಯಲಹಂಕದ ದ್ರಾಕ್ಷಿ ತೋಟಗಳನ್ನು ಬಡಿದು, ಆಗಷ್ಟೇ ಬಿಡುವು ಕೊಟ್ಟಿತ್ತು. 1984ನೆಯ ಇಸವಿ.

ತೋಟದ ಗೇಟಿನಲ್ಲಿ ಲೂರ್ದಮ್ಮ ಅಳತೆ ಟೇಪು ಹಿಡಿದು ನಿಂತಿದ್ದಳು. ಮದುವೆಯಾಗಲಿರುವ ಗಂಡನ್ನು ಹಿರಿಯರಿಲ್ಲದೆ ಒಬ್ಬಳೇ ನೋಡುವುದು ಅವಳಿಗೆ ಇದೇ ಮೊದಲು.

ಇನ್ನಾಸಪ್ಪ ಹೆಗಲ ಮೇಲಿನ ಹಣ್ಣಿನ ಬುಟ್ಟಿ ಇಳಿಸಿದ.

“ನೀವಾ? ಏನ್ ಸಮಾಚಾರ?”

“ಮದುವೆ ಅಂಗಿ ನಾನೇ ಹೊಲೀಬೇಕು ಅಂತ... ಅಳತೆಗೆ ಬಂದೆ.”

ಟೇಪು ಅವನ ಎದೆಯನ್ನು ಸುತ್ತಿತು. ಅವನು ಉಸಿರು ಬಿಗಿಹಿಡಿದ.

“ಉಸಿರಾಡಿ. ಇಲ್ಲಾಂದ್ರೆ ಮದುವೆ ದಿನ ಗುಂಡಿ ಕಿತ್ಕೊಂಡು ಹಾರುತ್ತೆ.”

ಅವನು ನಕ್ಕುಬಿಟ್ಟ. ಅವಳೂ ನಗುವವಳಿದ್ದಳು. ಆದರೆ... ಹುಳಿಹುಳಿಯಾದ ಹೆಂಡದ ವಾಸನೆ ಮೂಗಿಗೆ ಬಡಿಯಿತು.

‘ಅದಕ್ಕೇ ಉಸಿರು ಹಿಡಿದಿದ್ರಾ?’

ಟೇಪು ಸುತ್ತಿಕೊಂಡು, ಅವನನ್ನು ಏನೂ ಕೇಳದೆ ತಿರುಗಿ ನಡೆದಳು. ಕಾರಣ ತಿಳಿಯದ ಇನ್ನಾಸಪ್ಪ ಬುಟ್ಟಿಯನ್ನು ಮತ್ತೆ ಹೆಗಲಿಗೇರಿಸಿದ.

ಒಂದು ಕಾಲಕ್ಕೆ ಅವನು ದೊಡ್ಡ ಕುಡುಕ. ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಆ ಒಂದು ನಂಬಿಕೆಯ ಮೇಲೆಯೇ ಲೂರ್ದಮ್ಮನ ತಂದೆ ರಾಯಪ್ಪ ಹೆಣ್ಣು ಕೊಡಲು ಒಪ್ಪಿದ್ದರು. ರಾಯಪ್ಪ ಊರಿನ ಕ್ರೈಸ್ತರ ಪುಟ್ಟ ಗುಡಿಯ ಉಪದೇಶಿ. ಗುರುಗಳು ತಿಂಗಳಿಗೊಮ್ಮೆ ಬರುತ್ತಿದ್ದುದರಿಂದ, ಉಳಿದ ಭಾನುವಾರ ಜಪ ನಡೆಸುವವರೂ ಮದುವೆಯ ಓಲೆ ಓದುವವರೂ ಅವರೇ. ಮೂರು ಭಾನುವಾರ ಗಂಡುಹೆಣ್ಣಿನ ಹೆಸರು ಓದಬೇಕು. ತಕರಾರಿದ್ದವರು ಹೇಳಬೇಕು. ಇವರದು ಎರಡು ಸಲ ಓದಿ ಆಗಿತ್ತು.

ಅಂದು ಸಂಜೆ ಅಳುತ್ತಲೇ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು.

ಶನಿವಾರದ ಹೊತ್ತಿಗೆ ಸುದ್ದಿ ತೋಟಕ್ಕೆ ಮುಟ್ಟಿತು. ಮೂರನೆಯ ಓಲೆ ಓದುವುದಿಲ್ಲವಂತೆ. ಕೆಲಸ ಮುಗಿಸಿ ಹೊರಟ ಇನ್ನಾಸಪ್ಪನ ಕಾಲುಗಳು ಸಾರಾಯಿ ಅಂಗಡಿಯ ಮುಂದೆ ತಾವಾಗಿಯೇ ನಿಂತವು.

“ಬಾ ಗುರು,” ಅಂಗಡಿಯ ಲಕ್ಕಣ್ಣ ಕರೆದ. “ಕುಡ್ದ ಅಂತ ಹೆಸ್ರು ಬಂದಾಯ್ತು. ಇನ್ನು ಕುಡ್ಯೋದೊಂದೇ ಬಾಕಿ.”

“ನಾನು ಕುಡಿದಿಲ್ಲ.”

“ನಂಗೊತ್ತಿಲ್ವಾ? ಆಲಿಕಲ್ಲಿಗೆ ಒಡೆದು ಉಳಿ ಬಂದ ದ್ರಾಕ್ಷಿ ಬುಟ್ಟಿ ಒತ್ತು ಒತ್ತು ನಿನ್ ಅಂಗಿ ನನ್ ಅಂಗ್ಡಿಗಿಂತ ಘಮ್ ಅಂತೈತೆ. ಇಂಗಿದ್ರೆ ಯಾವ ಮಾವ ನಂಬ್ತಾನೆ ಏಳು?”

ಗುರುವಾರ ಅವಳು ತಿರುಗಿ ನಡೆದದ್ದೇಕೆಂದು ಆಗ ಅವನಿಗೆ ಅರ್ಥವಾಯಿತು. ಒಂದೇ ಒಂದು ಲೋಟ... ಯಾರಿಗಾಗಿ ಬಿಡಬೇಕು ಇನ್ನು?

ಜೇಬಿನ ಜಪಮಾಲೆಯನ್ನು ಮುಷ್ಟಿಯಲ್ಲಿ ಹಿಡಿದ. ‘ಸ್ವಾಮಿ, ಇವತ್ತೊಂದಿನ ಕೈ ಹಿಡ್ಕೊ. ನಾಳೇದು ನಾಳೆ ಕೇಳ್ತೀನಿ.’ ಹದಿನಾಲ್ಕು ತಿಂಗಳಿಂದ ದಿನವೂ ಅವನ ಪ್ರಾರ್ಥನೆ ಇಷ್ಟೇ. ಇಂದು ಅದಕ್ಕೆ ಇನ್ನೊಂದು ಮಾತು ಸೇರಿತು. ‘ಅವಳು ಸಿಗದೇ ಹೋದ್ರೂ ಹಿಡ್ಕೊ.’

ಹಾಗೆಂದಾಗ ಎದೆಯೊಳಗೆ ಏನೋ ಗಟ್ಟಿಯಾಗಿ ಕೂತಂತಾಯಿತು.

“ಮಾವ ನಂಬ್ಲಿ ಅಂತ ಬಿಟ್ಟಿದ್ದಲ್ಲ ಲಕ್ಕಣ್ಣ,” ಎಂದು ಮುಂದೆ ನಡೆದ.

ಭಾನುವಾರ ಜಪ ಮುಗಿಯಿತು. ಎಡಗಡೆ ಹೆಂಗಸರು, ಬಲಗಡೆ ಗಂಡಸರು. ರಾಯಪ್ಪ ಓಲೆಯನ್ನು ಬಿಡಿಸದೆ ಕೈಯಲ್ಲಿ ಹಿಡಿದಿದ್ದರು.

“ಇದಕ್ಕೆ ತಕರಾರು ಬಂದಿದೆ. ಇನ್ನಾಸಪ್ಪ, ಮುಂದೆ ಬಾ. ನನ್ನ ಮುಖಕ್ಕೆ ಒಂದ್ಸಲ ಉಸಿರು ಬಿಡು. ಇಲ್ಲೇ ತೀರ್ಮಾನ ಆಗ್ಲಿ.”

ಇನ್ನಾಸಪ್ಪ ಎದ್ದು ಬಂದ. ಬಾಯಿ ತೆರೆದರೆ ಸಾಕಿತ್ತು, ಗೆಲ್ಲುತ್ತಿದ್ದ.

“ಊದಲ್ಲ.”

ರಾಯಪ್ಪನವರ ಮುಖ ನೋಡುತ್ತಲೇ ಅವನು ಮುಂದುವರಿಸಿದ.

“ಕುಡೀತಿದ್ದೆ, ಅದು ಊರಿಗೇ ಗೊತ್ತು. ಬಿಟ್ಟಿದ್ದೀನಿ, ಅದು ದೇವರಿಗೆ ಗೊತ್ತು. ಇವತ್ತು ಊದಿದ್ರೆ ನಾನು ಸಾಯೋವರೆಗೂ ನಿಮ್ಮ ಮನೆ ಬಾಗಿಲಲ್ಲಿ ಊದ್ತಾನೇ ಇರ್ಬೇಕಾಗುತ್ತೆ. ಇಲ್ಲಿ ನಾನು ಮಂಡಿ ಊರ್ತೀನಿ. ಬಾಯಿ ತೆಗೆದು ತೋರಿಸಲ್ಲ. ಎಲ್ಲರೂ ಮೂಗು ಹಿಡಿದ್ರಿ... ಒಬ್ಬರಾದ್ರೂ ನನ್ನ ಕೇಳಿದ್ರಾ?”

ಅಷ್ಟು ಹೇಳಿ, ಅಲ್ಲೇ ಬರೀ ನೆಲದ ಮೇಲೆ ಮಂಡಿಯೂರಿ ಕಣ್ಣು ಮುಚ್ಚಿದ.

ಹೆಂಗಸರ ಕಡೆ ಕೂತಿದ್ದ ಲೂರ್ದಮ್ಮ ತಲೆ ಎತ್ತಿದಳು. ‘ಕೇಳಲಿಲ್ಲ... ಎದುರಲ್ಲೇ ಇದ್ರು, ನಾನೇ ಕೇಳಲಿಲ್ಲ!’

ಅವಳು ಎದ್ದಳು. ನಡುವಿನ ದಾರಿಯನ್ನು ದಾಟಿದಳು. ಆ ಗುಡಿಯಲ್ಲಿ ಯಾವ ಹೆಣ್ಣೂ ದಾಟದ ದಾರಿ ಅದು. ಹಿಂದಿನಿಂದ ಯಾರೋ ಗೊಣಗಿದರು. “ಏ, ಗಂಡಸರ ಕಡೆ ಹೋಗ್ತಿದ್ದಾಳೆ ನೋಡು.” ಅವಳು ತಿರುಗಿ ನೋಡಲಿಲ್ಲ. ಇನ್ನಾಸಪ್ಪನ ಪಕ್ಕದಲ್ಲೇ ಮಂಡಿಯೂರಿದಳು.

“ತಕರಾರು ನಂದು ಅಪ್ಪ. ವಾಪಸ್ ತಗೊಂಡೆ. ಓದಿ.”

“ವಾಸನೆ ಬಂತು ಅಂದೆಯಲ್ಲೇ?”

“ಬಂತು. ಎಲ್ಲಿಂದ ಅಂತ ಕೇಳಲಿಲ್ಲ. ಆ ತಪ್ಪು ನಂದು. ಓದ್ತೀರಾ, ಇಲ್ಲ ನಾನೇ ಓದ್ಲಾ?”

ರಾಯಪ್ಪ ಮಗಳ ಮುಖವನ್ನೇ ನೋಡಿದರು. ಓಲೆ ಬಿಡಿಸಿದರು. ಇಬ್ಬರ ಹೆಸರನ್ನೂ ಸ್ಪಷ್ಟವಾಗಿ ಓದಿದರು.

ಹೊರಗೆ ಹೊಂಗೆ ಮರದ ಕೆಳಗೆ ಇನ್ನಾಸಪ್ಪ ಕೇಳಿದ. “ನಿಜ ಏನು ಅಂತ ಗೊತ್ತಿಲ್ದೇನೇ ನನ್ನ ಪಕ್ಕ ಬಂದ್ರಾ?”

“ಕುಡಿದವರು ಅಷ್ಟು ನೆಟ್ಟಗೆ ಬೈಯಲ್ಲ ಕಣ್ರೀ.”

ಅವನು ನಕ್ಕ. ಅವಳು ನಗಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿದಳು.

“ಗುರುವಾರವೇ ಕೇಳಬೇಕಿತ್ತು... ಈಗ ಕೇಳ್ತೀನಿ. ಕುಡಿದಿದ್ರಾ?”

“ಇಲ್ಲ.”

“ಸರಿ,” ಎಂದಳು.