ನೀಲಿ ಮಣಿಗಳು

ಶುಕ್ರವಾರ ಬೆಳಗಿನ ಮಂಜು ಠಾಣೆಯ ಕಿಟಕಿ ಸರಳುಗಳಿಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಎರಡು ದಿನದ ಬಂದೋಬಸ್ತು ಮುಗಿಸಿ ಬಂದ ಇನ್‌ಸ್ಪೆಕ್ಟರ್ ಬೂಟು ಬಿಚ್ಚಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ, 8.20ಕ್ಕೆ, ತೈಲ ಕಾರ್ಖಾನೆಯ ಸಂಶೋಧನಾಲಯದ ಮುಖ್ಯಸ್ಥೆ ದೂರು ಹಿಡಿದು ಬಂದರು.

ಬೀರುವಿನಿಂದ ಒಂದು ಗಾಜಿನ ಬಾಟಲಿ ಕಾಣೆಯಾಗಿತ್ತು. ಒಳಗಿದ್ದದ್ದು ಇನ್ನೂರು ಗ್ರಾಂ ಬೂದುಹಸಿರು ಪುಡಿ: ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದಲ್ಲಿ ನಿಕ್ಕಲ್, ತಾಮ್ರ ಎರಡನ್ನೂ ಕೂರಿಸಿದ ವೇಗವರ್ಧಕ. ನೆಲದಿಂದ ತೆಗೆದ ಎಣ್ಣೆಯನ್ನೂ ಮರದ ಹೊಟ್ಟಿನಿಂದ ಇಳಿಸಿದ ಎಣ್ಣೆಯನ್ನೂ ಒಟ್ಟಿಗೆ ಕಾಯಿಸಿ ಇಂಧನ ಮಾಡಲು ಅದು ಬೇಕು. ತಯಾರಿಗೆ ಏಳು ತಿಂಗಳು ಹಿಡಿದಿತ್ತು. ಸೋಮವಾರವೇ ದೊಡ್ಡ ಪ್ರಯೋಗ. ಈಚೆಗೆ ಬಂದು ನೋಡಿಹೋದ ಬೇರೊಂದು ಕಂಪನಿಯವರ ಮೇಲೆ ಆಕೆಗೆ ಅನುಮಾನ.

9.05ಕ್ಕೆ ಎಫ್‌ಐಆರ್ ಆಯಿತು. "ಚಿನ್ನ ಹೋಯ್ತು, ಬೈಕ್ ಹೋಯ್ತು ಅಂತ ಬರೆದಿದ್ದೀನಿ ಸಾರ್," ಎಂದ ದಫೇದಾರ. "ಬೂದಿ ಹೋಯ್ತು ಅಂತ ಬರೀತಿರೋದು ಇದೇ ಮೊದಲು."

10.30ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕೀಲಿಕೈ ಎರಡು: ಒಂದು ಮುಖ್ಯಸ್ಥೆಯದು, ಇನ್ನೊಂದು ಆ ಪುಡಿಯನ್ನು ಕೈಯಾರೆ ತಯಾರಿಸಿದ ಹಳೆಯ ತಂತ್ರಜ್ಞನದು. ಪಕ್ಕದ ಕಪಾಟಿನಲ್ಲಿ ನೀಲಿ ಮಣಿಗಳ ಡಬ್ಬಿ ಅರ್ಧ ಖಾಲಿಯಾಗಿತ್ತು. ಅದೇನೆಂದು ಕೇಳಿದರೆ ತಂತ್ರಜ್ಞ ಮೇಷ್ಟರ ಹಾಗೆ ವಿವರಿಸಿದ. ಪುಡಿ ಗಾಳಿಯ ಪಸೆ ಕುಡಿಯುತ್ತದೆ, ಕುಡಿದರೆ ಕೆಡುತ್ತದೆ. ಅದಕ್ಕೇ ಸುತ್ತ ಈ ಮಣಿ ಇಡಬೇಕು. ಒಣಗಿದ್ದಾಗ ನೀಲಿ, ಪಸೆ ಹೀರಿದಾಗ ಗುಲಾಬಿ, ಹದವಾಗಿ ಹುರಿದರೆ ಮತ್ತೆ ನೀಲಿ. ಹೋದ ವಾರ ಡಬ್ಬಿ ತುಂಬಿತ್ತು ಎಂದರು ಮುಖ್ಯಸ್ಥೆ. ತಂತ್ರಜ್ಞ ಡಬ್ಬಿಯ ಮುಚ್ಚಳ ಹಾಕಿದ.

ಇನ್‌ಸ್ಪೆಕ್ಟರ್ ಸ್ಟೂಲಿನ ಮೇಲೆ ಕೂತು ಕಣ್ಣುಜ್ಜಿಕೊಂಡರು. ಮಾರುವವನು ಬಾಟಲಿ ಎತ್ತಿಕೊಂಡು ಓಡುತ್ತಿದ್ದ. ಹಾಳುಮಾಡುವವನು ಚರಂಡಿಗೆ ಸುರಿಯುತ್ತಿದ್ದ. ಈ ಕಳ್ಳ ಮಾತ್ರ ಮಣಿಗಳನ್ನೂ ಒಯ್ದು, ಕದ್ದದ್ದನ್ನು ಬಾಣಂತಿ ಕೂಸನ್ನು ನೋಡಿಕೊಂಡ ಹಾಗೆ ಬೆಚ್ಚಗೆ ಇಟ್ಟುಕೊಂಡಿದ್ದಾನೆ.

ಸಂಜೆ 4.15ಕ್ಕೆ ತಂತ್ರಜ್ಞನ ಮನೆಯ ಶೋಧ. ಅಡುಗೆಮನೆಯ ಒಲೆಯ ಮೇಲೆ ಬಾಣಲೆ, ಅದರಲ್ಲಿ ಅರ್ಧ ಗುಲಾಬಿ, ಅರ್ಧ ನೀಲಿ ಮಣಿಗಳು. ಹುಡುಕುವ ಶ್ರಮ ಕೊಡದೆ ಆತನೇ ಅಟ್ಟದಿಂದ ಸ್ಟೀಲ್ ಡಬ್ಬಿ ಇಳಿಸಿಕೊಟ್ಟ. ಬಾಟಲಿ ಅದರೊಳಗಿತ್ತು. ಬಾಗಿಲಲ್ಲಿ ಮಗಳು ನಿಂತಿದ್ದಳು. ಪ್ರಯೋಗದ ಯಂತ್ರ ನಡೆಸುವವಳು ಅವಳೇ. ಎಡಗೈ ಮೊಣಕೈವರೆಗೆ ಸುಟ್ಟ ಕಲೆ.

"ಯಾಕೆ ಯಜಮಾನರೇ?" ಎಂದರು ಇನ್‌ಸ್ಪೆಕ್ಟರ್.

"ಹೊಟ್ಟಿನ ಎಣ್ಣೆ ಕಾದರೆ ಇದ್ದಿಲು ಕಟ್ಟುತ್ತೆ ಸಾರ್. ಹೋದ ಸಲ ಕೊಳವೆ ಕಟ್ಕೊಂಡು ಸಿಡಿದದ್ದು ಇವಳ ಕೈ ಮೇಲೆ. ಕೊಳವೆ ಬದಲಾಯಿಸಿ ಅಂತ ಮೇಡಂಗೆ ಬರೆದುಕೊಟ್ಟೆ. ಎರಡು ತಿಂಗಳಾಯ್ತು, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸೋಮವಾರ ಮತ್ತೆ ಇವಳದೇ ಪಾಳಿ."

"ಪುಡಿ ಚೆಲ್ಲಿಬಿಟ್ಟಿದ್ರೆ ಸಿಕ್ಕಿಬೀಳ್ತಿರಲಿಲ್ಲ."

"ಚೆಲ್ಲೋಕೆ ಕೈ ಬರಲಿಲ್ಲ ಸಾರ್."

"ನನಗೊಂದು ಮಾತು ಹೇಳಬಾರದಿತ್ತಾ ಅಪ್ಪ?" ಎಂದಳು ಮಗಳು.

"ಹೇಳಿದ್ರೂ ನೀನು ಹೋಗ್ತಿದ್ದೆ."

5.10ಕ್ಕೆ ಬಂಧನ. ಬಾಟಲಿಗೆ ಅರಗು ಹಾಕಲು ಹೊರಟ ದಫೇದಾರನನ್ನು ಇನ್‌ಸ್ಪೆಕ್ಟರ್ ತಡೆದರು. "ಮಣಿಗಳನ್ನೂ ಜೊತೆಗಿಟ್ಟು ಸೀಲ್ ಮಾಡಪ್ಪ. ಇಷ್ಟು ಕಾಪಾಡಿದ್ದನ್ನ ನಾವು ಕೆಡಿಸೋದು ಬೇಡ."

ಶನಿವಾರ 9ಕ್ಕೆ, ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು, ಮುಖ್ಯಸ್ಥೆ ಠಾಣೆಗೆ ಬಂದರು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ತಂತ್ರಜ್ಞನಿದ್ದ ಬೆಂಚಿನ ತುದಿಯಲ್ಲಿ ಕೂತು, ಚೀಲದಿಂದ ಮಡಿಸಿದ ಹಾಳೆ ತೆಗೆದರು. ಆತ ಬರೆದುಕೊಟ್ಟಿದ್ದ ಅದೇ ಪತ್ರ. ಕೆಳಗೆ ಇಂದಿನ ತಾರೀಕು, ಆಕೆಯ ಸಹಿ, ಸಹಿಯ ಮೇಲೆ ಒಂದೇ ಸಾಲು: ಕೊಳವೆ ಬದಲಾಗುವವರೆಗೆ ಪ್ರಯೋಗ ನಿಲ್ಲಿಸಿದೆ.

ಆಕೆ ಅದನ್ನು ಆತನ ಕೈಗಿಟ್ಟರು.