ಹಲಗೆ ಗೋಡೆಯ ಆಚೆ

"ನಾನು ಪ್ರಾರ್ಥನೆಗೆ ಕೂತ ತಕ್ಷಣ ನಿಮ್ಮ ಮಷೀನ್ ಯಾಕೆ ನಿಲ್ಲತ್ತೆ?"

ಅವಳು ತಲೆ ಎತ್ತಿದಳು. ಹೊಲಿಗೆ ಅಂಗಡಿಯ ಹೊಸ್ತಿಲಲ್ಲಿ ಅವನು ನಿಂತಿದ್ದ. ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುವ ಪಕ್ಕದ ಅಂಗಡಿಯವನು. ಅವನಾಗಿ ಈ ಕಡೆ ಬಂದದ್ದು ಇದೇ ಮೊದಲು.



"ಎದ್ದು ಹೋಗ್ತೀರಿ, ಅಲ್ವಾ? ನನ್ನ ದೇವರ ಹೆಸರು ಕಿವಿಗೆ ಬೀಳಬಾರದು ಅಂತ..." ಅವನ ದನಿ ನಡುಗಿತು. "ಇನ್ನು ಆ ಕಷ್ಟ ಇರಲ್ಲ ಬಿಡಿ. ಇವತ್ತೇ ಅಂಗಡಿ ಖಾಲಿ ಮಾಡ್ತಿದ್ದೀನಿ."

ಅಯ್ಯೋ... ಹಾಗಲ್ಲ!

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ತಿರುಗಿ ನಡೆದ.

ಎರಡು ಅಂಗಡಿಗಳ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ತಾಯಿ ತೀರಿಕೊಂಡ ಮೇಲೆ ಅವನು ಅಂಗಡಿಯಲ್ಲೇ ಪ್ರಾರ್ಥನೆಗೆ ಕೂರತೊಡಗಿದ್ದ. ಆ ಪದಗಳ ಅರ್ಥ ಅವಳಿಗೆ ತಿಳಿಯದು. ಅವುಗಳ ನಡುವೆ ಒಡೆಯುತ್ತಿದ್ದ ದನಿ ಮಾತ್ರ ತಿಳಿಯುತ್ತಿತ್ತು. ಒಬ್ಬ ಮನುಷ್ಯ ದೇವರ ಮುಂದೆ ಅಳುವಾಗ ನಾನು ಟಕಟಕ ಸದ್ದು ಮಾಡುವುದೇ? ಅಂದಿನಿಂದ ಅವನು ಶುರುಮಾಡಿದರೆ ಸಾಕು, ಮಷೀನ್ ತುಳಿಯುವ ಇವಳ ಕಾಲು ನಿಲ್ಲುತ್ತಿತ್ತು. ಎದ್ದು ಹೋಗುತ್ತಿರಲಿಲ್ಲ. ಮಷೀನಿನ ಚಕ್ರವನ್ನು ಅಂಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು.

"ಹೋಗ್ಲಿ ಬಿಡೆ ಗುಬ್ಬಿ," ಎಂದಳು ಅತ್ತೆ, ಗುಂಡಿ ಹಚ್ಚುತ್ತಲೇ. ಹೆತ್ತವರಿಲ್ಲದ ಅವಳನ್ನು ಸಾಕಿದವಳು ಈ ಸೋದರತ್ತೆಯೇ. "ಅವರ ದೇವರು ಅವರಿಗೆ, ನಮ್ಮ ದೇವರು ನಮಗೆ. ಇನ್ನಾದ್ರೂ ನಮ್ಮ ಕತ್ತರಿ ಉಳಿಯತ್ತೆ. ವಾರಕ್ಕೆರಡು ಸಲ ಸಾಣೆ! ನೀನು ಬಟ್ಟೆ ಕತ್ತರಿಸ್ತೀಯೋ, ಬಂಡೆ ಕತ್ತರಿಸ್ತೀಯೋ?"

ಅವಳಿಗೆ ನಗು ಬರಲಿಲ್ಲ.

ಗೋಡೆಯಾಚೆ ಸಾಮಾನು ಕಟ್ಟುವ ಸದ್ದು. ಆಮೇಲೆ ಅದೂ ನಿಂತು, ಪ್ರಾರ್ಥನೆ ಶುರುವಾಯಿತು. ಕೊನೆಯದು...

ಅಭ್ಯಾಸಬಲದಿಂದ ಅವಳ ಕಾಲು ನಿಂತಿತು. ನನ್ನ ಮೌನವೇ ಅವನನ್ನು ಓಡಿಸುತ್ತಿದೆಯಲ್ಲ!

ಎದ್ದಳು.

"ಎಲ್ಲಿಗೆ?"

"ಗೋಡೆ ಆಚೆ."

ಅತ್ತೆಯ ಸೂಜಿ ನಿಂತಿತು. "ಜನ ಸುಮ್ನೆ ಬಿಡಲ್ಲ ಕಣೆ."

"ಗೊತ್ತು ಅತ್ತೆ."

ಪ್ರಾರ್ಥನೆ ಮುಗಿಯುವವರೆಗೂ ಅವಳು ಅವನ ಬಾಗಿಲಲ್ಲಿ ಕಾದಳು. ಅವನು ಕಣ್ಣು ತೆರೆದಾಗ ಮಾತು ತಾನಾಗಿ ಹೊರಬಿತ್ತು.

"ನಾನು ಎದ್ದು ಹೋಗ್ತಿರ್ಲಿಲ್ಲ. ಚಕ್ರ ಹಿಡ್ಕೊಂಡು ಅಲ್ಲೇ ಕೂತಿರ್ತಿದ್ದೆ. ನೀವು ಅಳೋವಾಗ ಅಡ್ಡ ಬರಬಾರದು ಅಂತ..."

ಅವನು ಕಟ್ಟಿಟ್ಟ ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ನಮ್ಮಮ್ಮನೂ ಹೊಲೀತಿದ್ಲು. ಆ ಸದ್ದು ಕೇಳ್ತಾನೇ ನಾನು ಪ್ರಾರ್ಥನೆ ಕಲಿತದ್ದು. ಅವಳು ಹೋದ್ಮೇಲೆ... ಮನೇಲಿ ಕೂರೋಕೆ ಆಗ್ಲಿಲ್ಲ. ಇಲ್ಲಾದ್ರೆ ನಿಮ್ಮ ಮಷೀನ್ ಇದೆಯಲ್ಲ ಅಂತ ಬಂದೆ. ಅದೂ ನಿಂತುಹೋಯ್ತು."

ಅವಳ ಕಣ್ಣು ತುಂಬಿತು. ಎಷ್ಟು ಸಂಜೆಗಳು... ಅವನಿಗೆ ಬೇಕಾದದ್ದನ್ನೇ ಅಂಗೈಯಲ್ಲಿ ಅದುಮಿ ಹಿಡಿದಿದ್ದೆನಲ್ಲ!

"ನಿಮ್ಮ ದೇವರನ್ನ ಕರೆಯೋಕೆ ನನಗೆ ಬರಲ್ಲ. ನಮ್ಮ ದೇವರನ್ನ ಬಿಡೋಕೂ ಆಗಲ್ಲ."

"ಬಿಡು ಅಂದೋರು ಯಾರು? ನಾನೂ ಬಿಡಲ್ಲ."

"ಮತ್ತೆ... ನಾನೇನು ಮಾಡ್ಲಿ?"

"ಹೊಲಿ. ಅಷ್ಟು ಸಾಕು."

ಎದುರು ಅಂಗಡಿಯವರು ಆಗಲೇ ಇಣುಕಿ ನೋಡುತ್ತಿದ್ದರು. ಅವಳು ಹೊರಟವಳು ಬಾಗಿಲಲ್ಲಿ ನಿಂತಳು.

"ಇನ್ನೊಂದು... ಕತ್ತರಿ ಯಾವತ್ತೂ ಮೊಂಡಾಗಿರ್ಲಿಲ್ಲ."

"ಗೊತ್ತು," ಎಂದ ಅವನು. ಎಷ್ಟೋ ದಿನಗಳ ಮೇಲೆ ಅವನ ತುಟಿಯಲ್ಲಿ ನಗುವಿನಂಥದ್ದೊಂದು ಸುಳಿಯಿತು. "ನಾನೂ ಬರೀ ಹಿಡಿ ಒರೆಸಿ ಕೊಡ್ತಿದ್ದೆ."

ಅವನು ಅಂಗಡಿ ಬಿಡಲಿಲ್ಲ. ಆದರೆ ಸುದ್ದಿ ಬೀದಿಯೆಲ್ಲ ಹರಡಿತು. ಮರುದಿನ, ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಒಬ್ಬೊಬ್ಬರೇ ಬಂದು ವಾಪಸ್ ಒಯ್ದರು. ಅತ್ತೆ ಯಾರಿಗೂ ಏನೂ ಅನ್ನಲಿಲ್ಲ. ಅವಳೊಡನೆಯೂ ಮಾತಾಡಲಿಲ್ಲ.

ಸಂಜೆ ಗೋಡೆಯಾಚೆ ಪ್ರಾರ್ಥನೆ ಶುರುವಾಯಿತು. ಅವಳ ಮುಂದಿದ್ದ ಮಷೀನ್ ಖಾಲಿ. ಹೊಲಿಯಲು ಒಂದು ಚೂರು ಬಟ್ಟೆಯೂ ಇಲ್ಲ.

ಪ್ರಾರ್ಥನೆಯ ದನಿ ನಡುವೆಯೇ ನಿಂತಿತು. ಹಲಗೆಯ ಮೇಲೆ ಬೆರಳಿನ ಮೆಲ್ಲನೆಯ ಬಡಿತ.

"ಗುಬ್ಬಿ... ಇದ್ದೀಯಾ?"

"ಇದ್ದೀನಿ..."

ಅತ್ತೆ ಎದ್ದು ಒಳಗೆ ಹೋದಳು. ಬರುವಾಗ ತನ್ನ ಹಳೆಯ ಹರಿದ ಹೊದಿಕೆಯನ್ನು ತಂದು ಮಷೀನಿನ ಮೇಲೆ ಹಾಕಿದಳು.

"ಇದನ್ನಾದ್ರೂ ಹೊಲಿಯೆ," ಎಂದಳು ಮುಖ ತಿರುಗಿಸಿಕೊಂಡು. "ಆ ಹುಡುಗ ಕಾಯ್ತಿದ್ದಾನೆ."