ಬಿಟ್ಟುಕೊಡಬೇಡಿ, ವಾದಿಸಿ

ಆ ಹೂಡಿಕೆ ಸಂಸ್ಥೆಯಲ್ಲಿ ಯಾರೇ ಷೇರು ಕೊಳ್ಳೋಣವೆಂದರೂ, ಬೇಡವೆಂದು ವಾದಿಸಲು ಒಬ್ಬನಿರಬೇಕು. ಆ ಕೆಲಸ ಅವನದು. ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಅಡ್ಡಗಾಲು ಎಂದು. ಘಟಾನುಘಟಿಗಳಿಗೂ ಬೆವರಿಳಿಸುವ ಆಸಾಮಿ, ಇವತ್ತು ಷೇರು ಸೂಚಿಸಲು ಅವಳ ಸರದಿ ಬಂದಾಗ ಎರಡು ಜುಜುಬಿ ಪ್ರಶ್ನೆ ಕೇಳಿ, ಅವಳ ಕಿವಿಯೋಲೆಯನ್ನೇ ನೋಡುತ್ತಾ ಕುಳಿತುಬಿಟ್ಟ.

ಅವಳಿಗೆ ಮೈಯೆಲ್ಲ ಉರಿಯಿತು. ಸಂಸ್ಥೆಯ ಮುಖ್ಯಸ್ಥರು ಅವಳ ಚಿಕ್ಕಪ್ಪ. ಅಣ್ಣನ ಮಗಳೆಂದೇ ಕುರ್ಚಿ ಸಿಕ್ಕಿತು ಎಂದು ಆಡಿಕೊಳ್ಳುವ ಬಾಯಿಗಳನ್ನು ಮುಚ್ಚಿಸಲು ಅವಳಿಗೆ ಈ ಒಂದು ಗೆಲುವು ಬೇಕಿತ್ತು. ದೈತ್ಯ ಟೆಕ್ ಕಂಪನಿಯೊಂದರ ಮೇಲೆ ಏಕಸ್ವಾಮ್ಯದ ಕೇಸು ನಡೆಯುತ್ತಿತ್ತು. ಕೋರ್ಟು ಕಂಪನಿಯನ್ನು ಒಡೆದೇಬಿಡುತ್ತದೆಂದು ಹೆದರಿ ಎಲ್ಲರೂ ಷೇರು ಮಾರುತ್ತಿದ್ದರು. ಅವಳೊಬ್ಬಳು ಕೊಳ್ಳೋಣ ಎಂದಿದ್ದಳು.

ಲಿಫ್ಟಿನ ಬಳಿ ಅವನನ್ನು ತಡೆದಳು.

"ಯಾಕ್ರೀ, ನನ್ಮೇಲೆ ಕನಿಕರಾನಾ?"

"ಕನಿಕರ ಅಲ್ಲ." ಅವನ ಕಿವಿ ಕೆಂಪಾಗಿತ್ತು. "ನಿಮ್ಮನ್ನ ಸೋಲಿಸೋಕೆ ಮನಸ್ಸು ಬರ್ಲಿಲ್ಲ."

ಆ ಮಾತು ಅವಳಿಗೆ ಹಿತವಾಯಿತು, ನಿಜ. ಆದರೂ ಬಿಡಲಿಲ್ಲ.

"ನೀವು ಬಿಟ್ಟುಕೊಟ್ಟು ನಾನು ಗೆದ್ರೆ ಅದೆಂಥ ಗೆಲುವು? ನಾಳೆ ಮತ್ತೆ ಕೂರೋಣ. ಬತ್ತಳಿಕೆಯಲ್ಲಿರೋ ಬಾಣ ಎಲ್ಲಾ ಬಿಡಿ. ಮನಸ್ಸಿನ ಮಾತು ಆಮೇಲೆ."

ಮರುದಿನ ಅವನು ದಯಾದಾಕ್ಷಿಣ್ಯ ತೋರಲಿಲ್ಲ. ಒಡೆಯುವ ಮಾತು ಹಾಗಿರಲಿ ಎಂದ. ಫೋನುಗಳಲ್ಲಿ ತನ್ನ ಸರ್ಚ್ ಎಂಜಿನ್ನೇ ಮೊದಲಿರಲೆಂದು ಕಂಪನಿ ಫೋನ್ ತಯಾರಕರಿಗೆ ಹಣ ಸುರಿಯುತ್ತಿದೆಯಲ್ಲ, ಅದನ್ನು ಕೋರ್ಟು ನಿಲ್ಲಿಸಿದರೆ ಗತಿಯೇನು ಎಂದು ಕೇಳಿದ. ಚಿಕ್ಕಪ್ಪ ಕನ್ನಡಕ ತೆಗೆದು ಅವಳತ್ತ ತಿರುಗಿದರು.

"ಕೊಡೋದು ನಿಂತ್ರೆ ಆ ಹಣ ಕಂಪನೀಲೇ ಉಳಿಯುತ್ತೆ," ಎಂದಳು. "ಜನ ಬಿಟ್ಟು ಹೋಗ್ತಾರಾ? ನಮ್ಮ ಆಫೀಸಿನ ಕಂಪ್ಯೂಟರ್‌ಗಳಲ್ಲಿ ಮೊದಲಿಂದ ಬಂದಿರೋದು ಬೇರೆಯವರ ಸರ್ಚ್. ಅದನ್ನ ಇಲ್ಲಿ ಯಾರು ಬಳಸ್ತಿದ್ದೀರಿ?"

ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ನೀವು ಎಂದು ಅವಳು ಅವನತ್ತ ಹುಬ್ಬೇರಿಸಿದಾಗ, ಸೇರಿದ ದಿನವೇ ಈ ಕಂಪನಿಯದಕ್ಕೆ ಬದಲಾಯಿಸಿಕೊಂಡೆ ಎಂದು ಅವನು ನಕ್ಕುಬಿಟ್ಟ. ಒಪ್ಪುವವರು ಕೈಯೆತ್ತಿ ಎಂದರು ಚಿಕ್ಕಪ್ಪ. ಮೊದಲು ಎದ್ದದ್ದು ಅಡ್ಡಗಾಲಿನ ಕೈ.

ಬೇಸಿಗೆ ಮುಗಿಯುವ ಹೊತ್ತಿಗೆ ತೀರ್ಪು ಬಂತು. ಕೋರ್ಟು ಕಂಪನಿಯನ್ನು ಒಡೆಯಲಿಲ್ಲ, ಹಣ ಕೊಡುವುದನ್ನಷ್ಟೇ ನಿಲ್ಲಿಸಿತು. ಷೇರು ಒಂದೇ ಸಮನೆ ಏರಿತು. ಆಡಿಕೊಂಡವರೇ ಅಭಿನಂದಿಸಲು ಸಾಲುಗಟ್ಟಿದರು. ಅವಳು ಹಿಗ್ಗಿ ಹೀರೇಕಾಯಿಯಾದಳು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಅವನು ಮಾತ್ರ ದೂರದಲ್ಲಿ ನಿಂತು ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳೇ ಹತ್ತಿರ ಹೋಗಿ, ಈಗ ಹೇಳಿ ಎಂದಳು.

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ನಿಮ್ಮ ಚಿಕ್ಕಪ್ಪ ಏನಂತಾರೋ."

ಅವಳು ಎಲ್ಲರೆದುರೇ ಅವನ ಕೈ ಹಿಡಿದು ಚಿಕ್ಕಪ್ಪನ ಕೋಣೆಯತ್ತ ನಡೆದಳು.

"ಒಪ್ಪಿಗೆ ಕೇಳೋಕಾ?" ಅವನು ಶರ್ಟಿನ ಕಾಲರ್ ಸರಿಪಡಿಸಿಕೊಂಡ.

"ಅಲ್ಲ. ಸುದ್ದಿ ಹೇಳೋಕೆ."